ಬನದ ಬದಿಯ ಕೋಣೆ

ನಾಝಿಮಾಳ ವಿಷಯ ಹೇಳಬೇಕಾದರೆ ಮೊದಲು ಎರಡು ಕೋಣೆಗಳ ವಿಷಯ ಹೇಳಬೇಕು. ಇದನ್ನು ನಾನು ಹೆಡ್ಮಾಸ್ಟರಿಗೆ ಹೇಳಿದ್ದೇನೆ, ಮೆನೇಜರಿಗೆ ಹೇಳಿದ್ದೇನೆ, ವರ್ಷಕ್ಕೊಮ್ಮೆ ಬಂದು ಬೊಂಡದ ಎಳನೀರು ಕುಡಿದು ಹೋಗುವ ಇನ್‌ಸ್ಪೆಕ್ಟರಿಗೂ ಹೇಳಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಈಗ ಹೇಳುವುದು ಬರೇ ಹೊಟ್ಟೆಯುರಿಗೆ.

ಅತ್ತಾವರದಿಂದ ಕಂಕನಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಶಾಲೆ. ಹೆಸರಿಗೆ ಹೈಯರ್ ಎಲಿಮೆಂಟರಿ ಸ್ಕೂಲು, ನೋಡಲಿಕ್ಕೆ ಹಂಚಿನ ಮಾಡಿನ ಉದ್ದದ ಕೊಟ್ಟಿಗೆ. ಎಂಟನೇ ಕ್ಲಾಸಿಗೆ ಎರಡು ವಿಭಾಗ. 'ಎ' ವಿಭಾಗ ಕಟ್ಟಡದ ಹಿಂದಿನ ತುದಿಯಲ್ಲಿ, ನಾಗಬನದ ಬದಿಗೆ. 'ಬಿ' ವಿಭಾಗ ಮುಂದಿನ ತುದಿಯಲ್ಲಿ, ರಸ್ತೆಯ ಬದಿಗೆ. 'ಎ'ಗೆ ಫ್ಲಾವಿಯಾ ಟೀಚರ್, 'ಬಿ'ಗೆ ನಾನು, ಸ್ವರ್ಣಲತಾ ಟೀಚರ್. ಮಕ್ಕಳನ್ನು ಬುದ್ಧಿ ನೋಡಿ ಆರಿಸುವುದೇನೂ ಇಲ್ಲ. ಜೂನಿನಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬರನ್ನು ಇತ್ತ, ಇನ್ನೊಬ್ಬರನ್ನು ಅತ್ತ ಕಳಿಸುತ್ತಾರೆ. ಆದರೂ ವರ್ಷದ ಕೊನೆಗೆ ಪಬ್ಲಿಕ್ ಪರೀಕ್ಷೆಯ ಫಲಿತಾಂಶ ಬಂದಾಗ ಫ್ಲಾವಿಯಾಳ ಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದರು, ನನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ಬೀಡಿ ಕಟ್ಟಲಿಕ್ಕೆ ಕೂರುತ್ತಿದ್ದರು.

ಹೆಡ್ಮಾಸ್ಟರು ಸರ್ವೋತ್ತಮ ರಾಯರಿಗೆ ಇದರ ಕಾರಣದ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಕಾರಣ ನಾನು. ಆ ಕೋಣೆಯಲ್ಲಿ ಕೂತು ಯಾವ ಮಗುವೂ ಕಲಿಯಲಿಕ್ಕಿಲ್ಲ ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ಉಳಿದ ಮೇಷ್ಟ್ರುಗಳು ನಗುತ್ತಿದ್ದರು. ಗಾದೆ ಹೇಳುವುದು ಸುಲಭ, ಅದಕ್ಕೆ ಉತ್ತರ ಹೇಳುವುದು ಕಷ್ಟ.

ನನಗೆ ವಿಷಯ ಹೊಳೆದದ್ದು ಫ್ಲಾವಿಯಾ ಹೆರಿಗೆಗೆ ರಜೆ ಹಾಕಿದಾಗ. ಎರಡೂ ವಿಭಾಗ ನನ್ನ ತಲೆಗೆ ಬಿತ್ತು. ಬೆಳಿಗ್ಗೆ ನನ್ನ ಕೋಣೆ, ಮಧ್ಯಾಹ್ನ ಅವಳ ಕೋಣೆ. ನನ್ನ ಕೋಣೆಯಲ್ಲಿ ಕಿಟಕಿ ತೆರೆದರೆ ಹಂಚು ಹೇರಿದ ಲಾರಿಗಳ ಧೂಳು, ಮುಚ್ಚಿದರೆ ಸೆಕೆ. ಬಸ್ಸಿನವನೊಬ್ಬ ಹಾರ್ನ್ ಹೊಡೆದರೆ ಮಕ್ಕಳೆಲ್ಲ ಒಟ್ಟಿಗೆ ತಲೆ ತಿರುಗಿಸುತ್ತಾರೆ, ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಅದೇ ಲೆಕ್ಕವನ್ನು ಬನದ ಬದಿಯ ಕೋಣೆಯಲ್ಲಿ ಕೊಟ್ಟರೆ, ಊಟವಾಗಿ ಕಣ್ಣು ಎಳೆಯುವ ಹೊತ್ತಿನಲ್ಲಿ ಕೂಡ, ಮಕ್ಕಳು ತಲೆ ಬಗ್ಗಿಸಿ ಮಾಡುತ್ತಿದ್ದರು. ಕಿಟಕಿಯ ಆಚೆ ರೆಂಜೆ, ಹೊನ್ನೆ, ಕಾಸರಕದ ಮರಗಳು, ಅವುಗಳಿಗೆ ಸುತ್ತಿಕೊಂಡ ದಪ್ಪ ಬಳ್ಳಿಗಳು. ಬಿಸಿಲು ಅಷ್ಟನ್ನೆಲ್ಲ ದಾಟಿ ಒಳಗೆ ಬರುವಾಗ ತಣ್ಣಗಾಗಿರುತ್ತಿತ್ತು. ಬೇಸರ ಬಂದ ಮಗು ಒಂದು ಗಳಿಗೆ ಮರ ನೋಡುತ್ತಿತ್ತು, ಮತ್ತೆ ತಾನಾಗಿ ಪುಸ್ತಕಕ್ಕೆ ಮರಳುತ್ತಿತ್ತು. ರಸ್ತೆ ನೋಡಿದ ಮಗು ತಾನಾಗಿ ಮರಳುವುದಿಲ್ಲ, ಕಿವಿ ಹಿಂಡಿ ಕರೆತರಬೇಕು. ನನ್ನ ಸಿಟ್ಟು ಕೂಡ ಆ ಕೋಣೆಯಲ್ಲಿ ಕಮ್ಮಿಯಾಗುತ್ತಿತ್ತು. ನನ್ನ ಸಿಟ್ಟು ಕಮ್ಮಿಯಾಗುವ ಜಾಗ ಮಂಗಳೂರಿನಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಮದ್ರಾಸು ಬಿಟ್ಟು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಹಂಚಿನ ಕಾರ್ಖಾನೆಗಳಿಗೆ ಸೌದೆ ಒದಗಿಸುವ ಕಂತ್ರಾಟುದಾರನೊಬ್ಬ ಆ ಬನದ ಮೇಲೆ ಕಣ್ಣು ಹಾಕಿದ. ಬನ ನಮ್ಮ ಶಾಲೆಯ ಮೆನೇಜರ್ ತಾರಾನಾಥ ಶೆಟ್ಟರದ್ದು. ಶಾಲೆ ಕಟ್ಟಿಸಿದ್ದು ಅವರ ತಂದೆ, ಬನ ಹಿರಿಯರ ಕಾಲದ್ದು. ಈಗ ಅವರಿಗೆ ಪೇಟೆಯಲ್ಲಿ ಹೋಟೆಲು. ನಾಗನ ಕಲ್ಲುಗಳಿರುವುದು ನಡುವೆ ಅಷ್ಟೇ, ಸುತ್ತಲಿನ ಮರ ಕೊಟ್ಟರೆ ನಾಗನಿಗೇನು ನಷ್ಟ ಎಂದು ಕಂತ್ರಾಟುದಾರ ಅವರ ಕಿವಿ ಊದುತ್ತಿದ್ದ. ಬನದಿಂದ ಒಣಕಡ್ಡಿಯನ್ನೂ ಮನೆಗೆ ತರಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಶೆಟ್ಟರು ಅದಕ್ಕೇ ಹಿಂದೆ ಮುಂದೆ ನೋಡುತ್ತಿದ್ದರು. ನಾನು ಹೋಟೆಲಿಗೇ ಹೋಗಿ ಅವರ ಎದುರು ನಿಂತೆ.

"ಶೆಟ್ರೇ, ಆ ಮರ ಹೋದ್ರೆ ಮಕ್ಕಳ ಮಾರ್ಕೂ ಹೋಗ್ತದೆ," ಎಂದೆ.

"ಮರಕ್ಕೂ ಮಾರ್ಕಿಗೂ ಎಂತ ಸಂಬಂಧ ಟೀಚರ್? ಮರ ಲೆಕ್ಕ ಹೇಳಿಕೊಡ್ತದಾ?"

"ಹೇಳಿಕೊಡುವುದು ನಾನೇ. ಹೇಳಿದ್ದು ತಲೆಗೆ ಇಳೀಲಿಕ್ಕೆ ತಂಪು ಬೇಕು, ನೆರಳು ಬೇಕು. ನನ್ನ ಕೋಣೆಯಲ್ಲಿ ಅದಿಲ್ಲ. ಫ್ಲಾವಿಯಾ ಟೀಚರ ಕೋಣೆಯಲ್ಲಿ ಉಂಟು."

"ಹೆಡ್ಮಾಸ್ಟ್ರು ಬೇರೆ ಹೇಳ್ತಾರಲ್ಲ."

"ಹಾಗಾದ್ರೆ ಒಂದು ವರ್ಷ ಕೋಣೆ ಬದಲು ಮಾಡಿ ನೋಡಿ. ನಾನೂ ನನ್ನ ಮಕ್ಕಳೂ ಬನದ ಬದಿಗೆ, ಅವರು ರಸ್ತೆಯ ಬದಿಗೆ. ಫಲಿತಾಂಶ ಬರುವವರೆಗೆ ಮರಕ್ಕೆ ಕೈ ಹಾಕ್ಬೇಡಿ. ನಾನು ಸೋತರೆ ಮತ್ತೆ ಬಾಯಿ ತೆರೆಯುವುದಿಲ್ಲ."

ಶೆಟ್ಟರಿಗೆ ಕೋಳಿ ಅಂಕದ ಹುಚ್ಚು. ಪಂಥ ಅಂದರೆ ಕಣ್ಣು ಅರಳುತ್ತದೆ. "ಆಗ್ಲಿ ಮಾರಾಯ್ರೆ, ನೋಡುವ," ಎಂದರು.

ಆ ವರ್ಷ ಫ್ಲಾವಿಯಾ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ತಪ್ಪಲ್ಲ, ಅವಳ ಮಕ್ಕಳನ್ನು ಧೂಳಿಗೆ ತಳ್ಳಿದ್ದೆನಲ್ಲ. ಆದರೆ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ನಾನು ಹೇಳಿದ್ದು ಹೇಳಿದ ಹಾಗೇ ಆಗಿತ್ತು. 'ಬಿ' ವಿಭಾಗ ಶಾಲೆಯ ಚರಿತ್ರೆಯಲ್ಲೇ ಇಲ್ಲದ ಹಾಗೆ ಪಾಸಾಗಿತ್ತು. 'ಎ' ವಿಭಾಗ, ಅದೇ ಫ್ಲಾವಿಯಾ ಕಲಿಸಿದ್ದು, ನನ್ನ ಹಳೇ ಗುಂಪಿನ ಹಾಗೆ ಮಗುಚಿ ಬಿದ್ದಿತ್ತು. ಇನ್ನು ಯಾರೂ ಏನೂ ಹೇಳುವ ಹಾಗಿಲ್ಲ ಎಂದು ನಾನು ಒಳ್ಳೆಯ ಸೀರೆ ಉಟ್ಟು ಶಾಲೆಗೆ ಹೋದೆ.

ಶೆಟ್ಟರು ಹೋಟೆಲಿನಿಂದ ಲಡ್ಡು ತರಿಸಿದ್ದರು. ನನ್ನನ್ನು ಕಂಡೊಡನೆ ಎದ್ದು ಕೈ ಮುಗಿದರು.

"ಟೀಚರ್, ನೀವು ನನ್ನ ಕಣ್ಣು ತೆರೆಸಿದ್ರಿ. ಇನ್ನು ಆ ಸೌದೆಯವನು ಬಂದ್ರೆ ಕಾಲು ಮುರೀತೇನೆ. ಇಷ್ಟು ವರ್ಷ ನನಗೆ ಗೊತ್ತೇ ಆಗ್ಲಿಲ್ಲ ನೋಡಿ. ಎಲ್ಲ ನಾಗನ ಕಾರ್ಣಿಕ, ಅವನ ಮಹಿಮೆ."

ಕೈಯ ಲಡ್ಡನ್ನು ನಾನು ತಟ್ಟೆಗೆ ಮರಳಿ ಇಟ್ಟೆ. "ಕಾರ್ಣಿಕ ಅಲ್ಲ ಶೆಟ್ರೇ. ಮರದ ನೆರಳು."

"ನೆರಳು ಯಾರದ್ದು? ನಾಗನ ಬನದ ನೆರಳು. ಅವನ ಹತ್ತಿರ ಕೂತ ಮಕ್ಕಳು ಪಾಸು, ದೂರ ಕೂತವರು ಫೇಲು. ಇದಕ್ಕಿಂತ ಸಾಕ್ಷಿ ಎಂತ ಬೇಕು?"

ಸರ್ವೋತ್ತಮ ರಾಯರು ಹೌದು ಹೌದೆಂದು ತಲೆಯಾಡಿಸಿದರು. ವರ್ಷಗಟ್ಟಲೆ ಕೋಣೆಗೂ ಓದಿಗೂ ಸಂಬಂಧವಿಲ್ಲ ಎಂದು ವಾದಿಸಿದ ಮನುಷ್ಯನಿಗೆ ಈಗ ಕೋಣೆಯೇ ಎಲ್ಲ ಆಯಿತು. ನನಗೂ ನಾಗನಲ್ಲಿ ಭಕ್ತಿ ಉಂಟು. ಪಂಚಮಿಗೆ ತಪ್ಪದೆ ಹಾಲೆರೆಯುವವಳು ನಾನು. ಹಾಗೆಂದು ಕಂಡದ್ದನ್ನು ಕಂಡ ಹಾಗೆ ಹೇಳಬಾರದೇ? ಹೇಳಿದೆ, ಯಾರೂ ಕೇಳಲಿಲ್ಲ. ಕೊನೆಗೆ, ಯಾರ ಹೆಸರಿನಲ್ಲಾದರೂ ಸರಿ, ಮರ ಉಳಿಯಿತಲ್ಲ ಎಂದು ಮನೆಗೆ ಬಂದೆ.

ಸುದ್ದಿ ಕಂಕನಾಡಿ ಮಾರ್ಕೆಟಿಗೆ ಮುಟ್ಟಲಿಕ್ಕೆ ಹೊತ್ತು ಬೇಕಾಗಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗಲೂ ಬನದ ಬದಿಯ ಕೋಣೆ ನನ್ನಲ್ಲೇ ಉಳಿಯಿತು. ಆ ವಾರ ಕಾಸಿಂ ಬ್ಯಾರಿಗಳು ಬಂದರು. ಮಾರ್ಕೆಟಿನಲ್ಲಿ ಅವರದ್ದು ಬಾಳೆಹಣ್ಣಿನ ವ್ಯಾಪಾರ. ಮಗಳು ನಾಝಿಮಾ ಎಂಟನೇ ಕ್ಲಾಸಿಗೆ ಬಂದಿದ್ದಳು. ಏಳನೇ ಕ್ಲಾಸಿಗೂ ಲೆಕ್ಕ ಹೇಳುತ್ತಿದ್ದವಳು ನಾನೇ, ಹಾಗಾಗಿ ಅವಳನ್ನು ಮೊದಲಿಂದ ಬಲ್ಲೆ. ಮಾತು ಕಡಿಮೆ. ಲೆಕ್ಕದಲ್ಲಿ ಅವಳದೇ ಒಂದು ರೀತಿ, ನಾನು ಹೇಳಿಕೊಟ್ಟ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗಿ ಅದೇ ಉತ್ತರಕ್ಕೆ ಬಂದು ಮುಟ್ಟುತ್ತಿದ್ದಳು. ಅಂಥ ಮಗು ಸಿಗುವುದು ಅಪರೂಪ.

"ಟೀಚರ್, ಒಂದು ಮಾತು ಕೇಳ್ಳಿಕ್ಕೆ ಬಂದೆ," ಎಂದರು ಕಾಸಿಂ ಬ್ಯಾರಿಗಳು. "ಮನೆಯಲ್ಲಿ ನಮ್ಮ ತಂದೆಯವರು, ಇದಿನಬ್ಬ ಬ್ಯಾರಿಗಳು, ಹುಡುಗಿ ದೊಡ್ಡವಳಾದಳು, ಶಾಲೆ ಸಾಕು ಅಂತ ಹಟ ಹಿಡಿದಿದ್ದಾರೆ. ನಾನು ಅವರ ಹತ್ತಿರ ಒಂದು ವರ್ಷ ಕೇಳಿಕೊಂಡಿದ್ದೇನೆ. ಈ ಪರೀಕ್ಷೆಯಲ್ಲಿ ಪಾಸಾದರೆ ಹೈಸ್ಕೂಲಿಗೆ ಕಳಿಸುವುದು, ಫೇಲಾದರೆ ನಿಲ್ಲಿಸಿ ಮದುವೆ ಮಾಡುವುದು ಅಂತ ಮಾತಾಗಿದೆ. ಈಗ ನೀವು ಹೇಳಿ, ಆ ಹಿಂದಿನ ಕೋಣೆಯಲ್ಲಿ ಎಂತ ಉಂಟು? ನಾಗ ಅಂತ ಎಲ್ಲ ಹೇಳ್ತಾರೆ."

"ನಾಗನ ವಿಷಯ ನನಗೆ ಗೊತ್ತಿಲ್ಲ ಬ್ಯಾರಿಗಳೇ. ಅಲ್ಲಿ ಮರ ಉಂಟು. ತಂಪುಂಟು, ಗಲಾಟೆ ಇಲ್ಲ. ಮಗುವಿನ ತಲೆ ನಿಲ್ತದೆ. ರಸ್ತೆ ಬದಿಯಲ್ಲಿ ಎಂಥ ಬುದ್ಧಿವಂತ ಮಗುವಿನ ತಲೆಯೂ ನಿಲ್ಲುವುದಿಲ್ಲ. ಇದು ನಾನು ಎರಡೂ ಕಡೆ ಕಲಿಸಿ ನೋಡಿ ಹೇಳುವುದು."

ಅವರು ನಗಲಿಲ್ಲ, ಗಾದೆ ಹೇಳಲಿಲ್ಲ. "ಬಾಳೆಗೊನೆಯನ್ನು ಬಿಸಿಲಿಗಿಟ್ಟರೆ ಕರಿ ಆಗ್ತದೆ, ನೆರಳಲ್ಲಿಟ್ಟರೆ ಹಣ್ಣಾಗ್ತದೆ. ಗೊನೆ ಒಂದೇ. ನೀವು ಹೇಳುವುದು ಸರಿ ಉಂಟು," ಎಂದರು. "ನಾಝಿಮಾ ನಿಮ್ಮ ಕೋಣೆಯಲ್ಲೇ ಕೂರಲಿ."

"ಕೂರಲಿ. ಪಾಸು ಮಾಡಿಸುವುದು ನನ್ನ ಜವಾಬ್ದಾರಿ," ಎಂದೆ. ಅಷ್ಟು ವರ್ಷಗಳಲ್ಲಿ ನನ್ನ ಮಾತನ್ನು ಹಾಗೆಯೇ ನಂಬಿದ ಮೊದಲ ಮನುಷ್ಯ ಅವರು. ಆ ಸಂತೋಷಕ್ಕೆ ಇನ್ನೂ ದೊಡ್ಡ ಮಾತನ್ನು ಬೇಕಾದರೂ ಕೊಡುತ್ತಿದ್ದೆ.

ನಾಝಿಮಾ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಳು. ಲೆಕ್ಕ ಕೊಟ್ಟರೆ ಮೊದಲು ಸ್ವಲ್ಪ ಹೊತ್ತು ಹೊರಗೆ ನೋಡುತ್ತಿದ್ದಳು. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಅದನ್ನು ಕಂಡು ಕೋಲು ತೆಗೆದಿದ್ದರು, ನಾನು ತಡೆದೆ. ಅವಳು ಮರ ನೋಡುತ್ತಿದ್ದದ್ದು ಲೆಕ್ಕ ಮಾಡಲಿಕ್ಕೇ. ನೋಡಿ ಮುಗಿದ ಮೇಲೆ ಬಗ್ಗಿ ಒಂದೇ ಉಸಿರಿನಲ್ಲಿ ಬರೆಯುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡೂ ವಿಭಾಗಕ್ಕೆ ಅವಳೇ ಮೊದಲು. ಕಾಸಿಂ ಬ್ಯಾರಿಗಳು ಶಾಲೆಗೆಲ್ಲ ಹಂಚಲು ಒಂದು ಗೊನೆ ಕದಳಿ ಕಳಿಸಿದರು.

ಇಷ್ಟರಲ್ಲಿ ಶೆಟ್ಟರ ತಲೆಯಲ್ಲಿ ಕೃತಜ್ಞತೆ ಎಂಬ ಹುಳ ಹೊಕ್ಕಿತ್ತು. ಶಾಲೆಗೆ ಇಷ್ಟು ಕೊಟ್ಟ ನಾಗನಿಗೆ ನಾವೇನು ಕೊಟ್ಟೆವು ಎಂದು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಾಗ ಸಂತುಷ್ಟನಾಗಿದ್ದಾನೆ, ಆದರೆ ಅವನ ಕಲ್ಲುಗಳು ಬೇರು ನುಗ್ಗಿ ವಾಲಿವೆ, ಜೀರ್ಣೋದ್ಧಾರ ಆಗಬೇಕು ಎಂದು ಪ್ರಶ್ನೆಯಲ್ಲಿ ಬಂತಂತೆ. ಜೀರ್ಣೋದ್ಧಾರ ಅಂದರೆ ವಾಲಿದ ಕಲ್ಲನ್ನು ಎತ್ತಿ ನಿಲ್ಲಿಸುವುದೆಂದು ನಾನು ತಿಳಿದಿದ್ದೆ. ಶೆಟ್ಟರು ತಿಳಿದದ್ದು ಬೇರೆ. ಸಿಮೆಂಟಿನ ದೊಡ್ಡ ಕಟ್ಟೆ, ಸುತ್ತ ಸಿಮೆಂಟಿನ ಅಂಗಳ, ಅಂಗಳದ ಸುತ್ತ ಪಾಗಾರದ ಗೋಡೆ. ಆ ಅಂಗಳಕ್ಕೆ ಜಾಗ ಬೇಕಿದ್ದರೆ ಮರ ಹೋಗಬೇಕು.

ನಾನು ಮತ್ತೆ ಹೋಟೆಲಿಗೆ ಓಡಿದೆ. "ಶೆಟ್ರೇ, ಬನದ ಮರ ಕಡಿಯಬಾರದು ಅಂತ ಕಟ್ಟಳೆ ಉಂಟಲ್ಲ."

"ಕಡಿಯಬಾರದು ಅಂದ್ರೆ ಹಾಗೇ ಕಡಿಯಬಾರದು. ತಂಬಿಲದ ಪೂಜೆ ಕೊಟ್ಟು, ಸಿಂಗಾರದ ಹೂ ಇಟ್ಟು, ಕೇಳಿಕೊಂಡು ಕಡಿಯಬಹುದು. ಭಟ್ರು ಒಪ್ಪಿದ್ದಾರೆ. ನಾಗನಿಗೇ ಮಾಡುವುದಲ್ವಾ, ನಮ್ಮ ಮನೆಗಾ?"

"ನೀವೇ ಹೇಳಿದ್ದು, ಬನದಿಂದ ಮಕ್ಕಳು ಪಾಸಾದ್ರು ಅಂತ."

"ನಾಗನಿಂದ ಅಂತ ಹೇಳಿದ್ದು. ನಾಗ ಎಲ್ಲಿಗೆ ಹೋಗ್ತಾನೆ? ಇಷ್ಟು ವರ್ಷ ಮಳೆಯಲ್ಲಿ, ಕೆಸರಲ್ಲಿ ಕೂತಿದ್ದ. ಇನ್ನು ಸಿಮೆಂಟಲ್ಲಿ ಕೂರ್ತಾನೆ. ಈಗ ಇಷ್ಟು ಕೊಟ್ಟವ ಕಟ್ಟೆ ಆದ ಮೇಲೆ ಎಷ್ಟು ಕೊಡ್ಲಿಕ್ಕಿಲ್ಲ?"

"ಪರೀಕ್ಷೆ ಮುಗಿಯುವವರೆಗಾದ್ರೂ ನಿಲ್ಲಿಸಿ. ಏಪ್ರಿಲಿನಲ್ಲಿ ಮಾಡಿ."

"ಪರೀಕ್ಷೆಯ ಮೊದಲೇ ಆಗ್ಬೇಕು ಟೀಚರ್. ಮಕ್ಕಳಿಗೆ ಒಳ್ಳೆಯದಾಗ್ಲಿ ಅಂತಲೇ ಅಲ್ವಾ ಇದೆಲ್ಲ?"

ಏನು ಹೇಳಲಿ ಈ ಮನುಷ್ಯನಿಗೆ? ಲೋಭಿಯಾಗಿದ್ದರೆ ಬಯ್ಯಬಹುದಿತ್ತು, ಕೆಟ್ಟವನಾಗಿದ್ದರೆ ಶಪಿಸಬಹುದಿತ್ತು. ಅವರಿಗೆ ನಿಜವಾಗಿ ಮಕ್ಕಳ ಮೇಲೆ ಪ್ರೀತಿ ಇತ್ತು. ನಾನು ಹೆಡ್ಮಾಸ್ಟರಿಗೆ ಹೇಳಿದೆ. "ನಾಗನ ವಿಷಯದಲ್ಲಿ ಅಡ್ಡ ಮಾತು ಬೇಡ ಟೀಚರ್, ಮಕ್ಕಳಿರುವ ಶಾಲೆ," ಎಂದರು. ಫ್ಲಾವಿಯಾಳಿಗೆ ಹೇಳಿದೆ. "ಹೋದ ವರ್ಷ ನಾನು ಅತ್ತಾಗ ನೀವು ಎಂತ ಮಾಡಿದ್ರಿ?" ಎಂದಳು.

ಕ್ರಿಸ್ಮಸ್ ರಜೆಯಲ್ಲಿ ಕೊಡಲಿ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರಜೆ ಮುಗಿದು ಕೋಣೆಯ ಬಾಗಿಲು ತೆರೆದರೆ ನನ್ನ ಕಣ್ಣಿಗೇ ಅದು ಯಾರದೋ ಕೋಣೆಯಾಗಿ ಕಂಡಿತು. ಗೋಡೆಯ ಮೇಲಿನ ಶಾಯಿಯ ಕಲೆಗಳು, ಬೆಂಚುಗಳ ಗೆದ್ದಲು, ಎಲ್ಲ ಒಂದೇ ಸಲ ಎದ್ದು ಕಾಣುವಷ್ಟು ಬೆಳಕು. ಬನ ಇದ್ದಲ್ಲಿ ಬರೇ ಕೆಂಪು ಮಣ್ಣು, ಅದರಾಚೆ ಹಿಂದಿನ ಓಣಿ, ಓಣಿಯಲ್ಲಿ ಎತ್ತಿನ ಗಾಡಿ. ಮರಗಳು ಎಲ್ಲಿಗೆ ಹೋದವು ಎಂದು ಕೇಳಿದೆ. ಸೌದೆಯ ಕಂತ್ರಾಟುದಾರನೇ ಕೊಂಡುಹೋಗಿದ್ದನಂತೆ. ಅದರಲ್ಲಿ ಬಂದದ್ದನ್ನು ಒಂದು ಬಿಲ್ಲೆ ಬಿಡದೆ ನಾಗನ ಕಟ್ಟೆಗೇ ಹಾಕಿದ್ದಾರೆಂದು ಹೆಡ್ಮಾಸ್ಟರು ಹೆಮ್ಮೆಯಿಂದ ಹೇಳಿದರು.

ಶೆಟ್ಟರು ಸ್ವತಃ ಕ್ಲಾಸಿಗೆ ಬಂದು ಕಿಟಕಿಯಿಂದ ಇಣುಕಿದರು. "ಈಗ ಗಾಳಿ ಬೆಳಕು ಎಲ್ಲ ಚೆನ್ನಾಗಿ ಬರ್ತದಲ್ಲ ಟೀಚರ್. ಮೊದಲು ಗವಿಯ ಹಾಗಿತ್ತು."

ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ನೌಕರಿ ಹೋಗುವ ಮಾತೊಂದು ಬರುತ್ತಿತ್ತು.

ಕಟ್ಟೆಗೆ ಸುಣ್ಣ ಬಳಿದ ಮೇಲೆ ನಮ್ಮ ಕಷ್ಟ ಇಮ್ಮಡಿಯಾಯಿತು. ಮಧ್ಯಾಹ್ನದ ಬಿಸಿಲು ಆ ಬಿಳಿಗೆ ಬಡಿದು ನೇರ ಮಕ್ಕಳ ಕಣ್ಣಿಗೆ ಬರುತ್ತಿತ್ತು. ಸಿಮೆಂಟಿನ ಅಂಗಳ ಕಾದು ಕಿಟಕಿಯಿಂದ ಒಲೆಯ ಝಳ ಹೊಡೆಯುತ್ತಿತ್ತು. ಅದು ಸಾಲದೆಂದು ನಾಗನ ಕಾರ್ಣಿಕದ ಸುದ್ದಿ ಊರೆಲ್ಲ ಹರಡಿ, ಬಿಜೈಯಿಂದ, ಜೆಪ್ಪುವಿನಿಂದ, ಎಲ್ಲೆಲ್ಲಿಂದಲೋ ಪರೀಕ್ಷೆಗೆ ಕೂರುವ ಮಕ್ಕಳ ತಾಯಂದಿರು ಹರಕೆ ಹೊತ್ತು ಬರತೊಡಗಿದರು. ನಾನು ಬಡ್ಡಿ ಲೆಕ್ಕ ಹೇಳುವಾಗ ಹೊರಗೆ ಗಂಟೆ, ಹಾಲಿನ ತಂಬಿಗೆ, ಮಾತು, ನಗು. ಬೇರೆ ಶಾಲೆಯ ಮಕ್ಕಳು ಪಾಸಾಗಲೆಂದು ನನ್ನ ಮಕ್ಕಳ ಪಾಠ ಹಾಳು.

ನಾನು ಕೈಕಟ್ಟಿ ಕೂತವಳಲ್ಲ. ತೆಂಗಿನ ಮಡಲಿನ ತಟ್ಟಿ ಹೆಣೆಸಿ ಕಿಟಕಿಗೆ ಕಟ್ಟಿಸಿದೆ. ನಾಗನ ಮುಖಕ್ಕೆ ಅಡ್ಡ ಕಟ್ಟಿದ ಹಾಗಾಗುತ್ತದೆ ಎಂದು ಹೆಡ್ಮಾಸ್ಟರು ಬಿಚ್ಚಿಸಿದರು. ಬಿಸಿಲೇರುವ ಮೊದಲೇ ಕ್ಲಾಸು ಶುರು ಮಾಡುತ್ತೇನೆಂದೆ. ಸಮಯ ಬದಲಿಸಲು ಇಲಾಖೆಯ ಅಪ್ಪಣೆ ಬೇಕೆಂದರು. ಮಕ್ಕಳನ್ನು ಕರೆದುಕೊಂಡು ಹೋಗಿ ಎಲ್ಲಾದರೂ ಮರದಡಿ ಕೂರಿಸೋಣವೆಂದರೆ ಹತ್ತಿರದಲ್ಲಿ ಮರವೇ ಉಳಿದಿರಲಿಲ್ಲ, ರಸ್ತೆ ಬದಿಯ ಒಂದೆರಡನ್ನು ಬಿಟ್ಟು. ಅಲ್ಲಿ ಕೂರಿಸಿದರೆ ಲಾರಿಯ ಚಕ್ರದ ಪಕ್ಕ ಕೂರಿಸಿದ ಹಾಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಒಬ್ಬರಲ್ಲ, ಎಲ್ಲರೂ ಪೂಜಾರಿಗಳು.

ನಾಝಿಮಾ ಈಗ ಲೆಕ್ಕ ಕೊಟ್ಟರೆ ಅಭ್ಯಾಸಬಲದಿಂದ ಹೊರಗೆ ನೋಡುತ್ತಿದ್ದಳು, ನೋಡಿದೊಡನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಧ್ಯಾಹ್ನವಾದರೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ತಲೆನೋವಾ ಎಂದರೆ ಇಲ್ಲ ಅನ್ನುತ್ತಿದ್ದಳು. ಕೂಡಿಸುವಲ್ಲಿ ಕಳೆಯುತ್ತಿದ್ದಳು, ಅರ್ಧ ಮಾಡಿ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದಳು. ನಾನು ಅವಳಿಗೆ ಒಂದು ದಿನ ಹೊಡೆದೂ ಬಿಟ್ಟೆ. ಹೊಡೆಯಬೇಕಾದವರು ಬೇರೆ ಇದ್ದರು, ಕೈಗೆ ಸಿಕ್ಕಿದವಳು ಅವಳು.

ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ಮೇ ತಿಂಗಳಲ್ಲಿ ಫಲಿತಾಂಶ ಬಂತು. 'ಎ' ವಿಭಾಗ, 'ಬಿ' ವಿಭಾಗ ಎಂಬ ಭೇದವಿಲ್ಲದೆ ಎರಡೂ ಒಂದಕ್ಕೊಂದು ಪೈಪೋಟಿಯಿಂದ ಬಿದ್ದಿದ್ದವು. ನಾಝಿಮಾ ಎಲ್ಲದರಲ್ಲೂ ಪಾಸಾಗಿ ಲೆಕ್ಕದಲ್ಲಿ ಹೋಗಿದ್ದಳು. ಲೆಕ್ಕದಲ್ಲಿ, ಆ ಹುಡುಗಿ.

ಶೆಟ್ಟರು ಬಹಳ ನೊಂದುಕೊಂಡರು. ಕಟ್ಟೆ ಕಟ್ಟುವಾಗ ಏನೋ ದೋಷವಾಗಿರಬೇಕು, ಮತ್ತೆ ಪ್ರಶ್ನೆ ಇಡಿಸುತ್ತೇನೆ ಎಂದರು. ಸರ್ವೋತ್ತಮ ರಾಯರು ಹೋದ ವರ್ಷದ ಹೊಗಳಿಕೆಯಿಂದ ಟೀಚರರ ತಲೆ ತಿರುಗಿತು ಎಂದರಂತೆ. ನನ್ನ ಎದುರು ಹೇಳಲಿಲ್ಲ. ಹೇಳಿದ್ದರೂ ನಾನು ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಅಷ್ಟು ದಣಿದಿದ್ದೆ. ನನಗಿದ್ದ ಚಿಂತೆ ಒಂದೇ. ಕಾಸಿಂ ಬ್ಯಾರಿಗಳ ಮನೆಗೆ ಹೋಗಬೇಕು, ಹುಡುಗಿಯನ್ನು ಇನ್ನೊಂದು ವರ್ಷ ಶಾಲೆಯಲ್ಲಿ ಉಳಿಸಿಕೊಳ್ಳಬೇಕು.

ಮಾರ್ಕೆಟಿನ ಹಿಂದೆ ಅವರ ಮನೆ. ಬಾಗಿಲು ತೆರೆದದ್ದು ನಾಝಿಮಾಳ ತಾಯಿ ನಬೀಸಾ. ಒಳಗೆ ಕರೆದು ಕೂರಿಸಿ ಚಾ ತಂದುಕೊಟ್ಟರು. ನಾಝಿಮಾ ಹೊರಗೆ ಬರಲಿಲ್ಲ. ಕಾಸಿಂ ಬ್ಯಾರಿಗಳು ಅಂಗಡಿಯಿಂದ ಬಂದು ಎದುರು ಕೂತರು. ಬೈಗುಳ ಕೇಳಲಿಕ್ಕೆ ನಾನು ತಯಾರಾಗಿ ಹೋಗಿದ್ದೆ. ಅವರು ಬಯ್ಯಲಿಲ್ಲ.

"ಒಂದೇ ವಿಷಯದಲ್ಲಿ ಹೋದದ್ದು ಬ್ಯಾರಿಗಳೇ," ಎಂದೆ. "ಇನ್ನೊಂದು ವರ್ಷ ಕೂರಿಸಿ. ಖಂಡಿತ ಪಾಸಾಗ್ತಾಳೆ."

"ಎಲ್ಲಿ ಕೂರಿಸುವುದು ಟೀಚರ್?"

"ಶಾಲೆಯಲ್ಲೇ."

"ಯಾವ ಕೋಣೆಯಲ್ಲಿ?"

ನಾನು ಚಾದ ಗ್ಲಾಸನ್ನು ಕೆಳಗಿಟ್ಟೆ.

"ತಂದೆಯವರು ಹೇಳಿದ್ರು, ಹುಡುಗಿಗೆ ತಲೆ ಇಲ್ಲ ಅಂತ," ಎಂದು ಅವರು ನಿಧಾನವಾಗಿ ಹೇಳಿದರು. "ನಾನು ಹೇಳಿದೆ, ತಲೆ ಇಲ್ಲದ್ದಲ್ಲ, ಅಲ್ಲಿ ಮರ ಇಲ್ಲದ್ದು, ಟೀಚರ್ ಮೊದಲೇ ಹೇಳಿದ್ದಾರೆ ಅಂತ. ನೀವು ಹೇಳಿದ್ದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಅವರು ಕೇಳಿ ಒಪ್ಪಿದ್ರು. ಒಪ್ಪಿದ ಮೇಲೆ ಒಂದು ಮಾತು ಕೇಳಿದ್ರು, ಹಾಗಾದ್ರೆ ಮರ ಬೆಳೀಲಿಕ್ಕೆ ಎಷ್ಟು ವರ್ಷ ಬೇಕು ಅಂತ. ನಾನು ಎಂತ ಹೇಳ್ಲಿ? ನೀವೇ ಹೇಳಿ."

"ನನ್ನ ಮನೆಗೆ ಕಳಿಸಿ, ನಾನು ಅಲ್ಲಿ ಕಲಿಸ್ತೇನೆ."

"ಅದನ್ನೂ ಕೇಳಿ ಬಂದೆ. ಮನೆಯಲ್ಲಿ ಕಲಿತರೆ ಪರೀಕ್ಷೆಗೆ ಕೂರ್ಲಿಕ್ಕಾಗುವುದಿಲ್ಲ, ಶಾಲೆಯ ಹಾಜರಿ ಬೇಕು ಅಂತ ಹೆಡ್ಮಾಸ್ಟ್ರು ಹೇಳಿದ್ರು. ಬೇರೆ ಶಾಲೆಯವರು ಫೇಲಾದವಳನ್ನು ತೆಗೆದುಕೊಳ್ಳುವುದಿಲ್ಲ. ಎರಡು ಕಡೆ ಹೋಗಿ ಬಂದೆ."

ನನಗೆ ಬೇರೆ ದಾರಿ ಕಾಣಲಿಲ್ಲ. ಆಗ ಹೆಡ್ಮಾಸ್ಟರ ಹಳೇ ಮಾತನ್ನೇ ನಾನು ಹೇಳಿದೆ: "ಕೋಣೆ ಅಂಥ ದೊಡ್ಡ ವಿಷಯ ಅಲ್ಲ ಬ್ಯಾರಿಗಳೇ. ನಾಝಿಮಾ ಬುದ್ಧಿವಂತೆ. ಬುದ್ಧಿ ಇದ್ದವರು ಎಲ್ಲಿ ಕೂತರೂ ಕಲೀತಾರೆ."

ಕಾಸಿಂ ಬ್ಯಾರಿಗಳು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಹಾಗೆ ನಿಮ್ಮ ಹೆಡ್ಮಾಸ್ಟ್ರು ಹೇಳಿದ್ರೆ ಕೇಳ್ತಿದ್ದೆ," ಎಂದರು. "ನೀವು ಹೇಳ್ಬೇಡಿ ಟೀಚರ್. ನೀವು ನಿಜ ಹೇಳುವವರು ಅಂತ ನಾನು ಮನೆಯಲ್ಲೆಲ್ಲ ಹೇಳಿದ್ದೇನೆ. ಉಳ್ಳಾಲದಲ್ಲಿ ಒಂದು ಕಡೆ ಮದುವೆಯ ಮಾತಾಗಿದೆ. ಒಳ್ಳೆಯ ಜನ."

ಇಷ್ಟು ವರ್ಷ ಒಬ್ಬನಾದರೂ ನನ್ನ ಮಾತು ನಂಬಲಿ ಎಂದು ಹಟ ಹಿಡಿದು ಊರೆಲ್ಲ ಜಗಳ ಮಾಡಿದವಳು ನಾನು. ನಂಬಿದವರು ಎದುರು ಕೂತಿದ್ದರು. ಅವರು ನನ್ನ ಮಾತು ನಂಬದೆ ಇದ್ದಿದ್ದರೆ ಹುಡುಗಿ ಇನ್ನೊಂದು ವರ್ಷ ಶಾಲೆಗೆ ಬರುತ್ತಿದ್ದಳೋ ಏನೋ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕಿದೆ, ಆ ಮನೆಯಲ್ಲಿ ಯಾರೂ ಸಿಗಲಿಲ್ಲ.

ನಾನು ಎದ್ದಾಗ ನಾಝಿಮಾ ಒಳಗಿನಿಂದ ಬಂದು ಚಾದ ಗ್ಲಾಸು ಎತ್ತಿಕೊಂಡಳು. ತಲೆಯ ಮೇಲೆ ಮುಸುಕು ಎಳೆದುಕೊಂಡಿದ್ದಳು.

"ಟೀಚರ್, ಪರೀಕ್ಷೆಯಲ್ಲಿ ಬಿಟ್ಟ ಆ ಕೊನೆಯ ಲೆಕ್ಕ," ಎಂದಳು, "ತೊಟ್ಟಿಗೆ ನೀರು ತುಂಬುವುದು. ಮನೆಗೆ ಬಂದು ಹಿತ್ತಿಲ ನೆರಳಲ್ಲಿ ಕೂತು ಮಾಡಿದೆ. ಬಂತು."

"ಎಷ್ಟು ಬಂತು?" ಎಂದು ಕೇಳಿದೆ.

ಹೇಳಿದಳು. ಸರಿಯಾಗಿತ್ತು.